ಕೆರೆಯ ಕಾಯಿಲೆಗೆ ಗುಡ್ಡದಲ್ಲಿ ಮದ್ದು

ಕೆರೆ ಕೆಟ್ಟರೆ ನಾವು ಹೂಳೆತ್ತಲು ಓಡುತ್ತೇವೆ. ಹೂಳು ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಚಂಡೀಗಢದ ಸುಖ್ನಾ ಸರೋವರ 1958ರಲ್ಲಿ ನಿರ್ಮಾಣವಾಯಿತು. ಮಳೆಗಾಲ ಬಂದಾಗಲೆಲ್ಲ ಮಣ್ಣು ಬಂದು ತುಂಬತೊಡಗಿತು. 1970ರ ದಶಕದಲ್ಲಿ ವಿಜ್ಞಾನಿ ಪಿ. ಆರ್. ಮಿಶ್ರ ಅದರ ಜಾಡು ಹಿಡಿದು ಶಿವಾಲಿಕ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿ ಗ್ರಾಮ ತಲುಪಿದರು. ದನ, ಆಡು ಮೇದು ಗುಡ್ಡ ಬೋಳಾಗಿತ್ತು.

ಬಡವರಿಗೆ ‘ಮೇಯಿಸಬೇಡಿ’ ಎಂದರೆ ಸಾಕೇ? ಅಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಲಾಯಿತು. ಆ ನೀರಿನಲ್ಲಿ ಭೂಮಿಯಿಲ್ಲದವರಿಗೂ ಸಮಪಾಲು ಸಿಕ್ಕಿತು. ಗುಡ್ಡ ಹಸಿರಾಗಿದ್ದರೆ ಮಾತ್ರ ಒಡ್ಡು ಹೂಳದೆ ಉಳಿದೀತೆಂದು ಅರಿತ ಜನ ತಾವೇ ಮೇಯಿಸುವುದನ್ನು ಬಿಟ್ಟರು. ಹುಲ್ಲು ಚಿಗುರಿತು, ಅಲ್ಲಿಂದ ಹರಿದುಬರುವ ಮಣ್ಣು ತಗ್ಗಿತು.

ಪೇಟೆಯ ಕೆರೆಯ ತಿಳಿನೀರು ಮೇಲಿನ ಹಳ್ಳಿಯ ಹೊಟ್ಟೆಪಾಡನ್ನು ನಂಬಿಕೊಂಡಿದೆ. ನಮ್ಮೂರ ಕೆರೆ ಏರಿಯ ಮೇಲೆ ನಿಂತಾಗ ನೀರನ್ನಷ್ಟೇ ನೋಡಬೇಡಿ, ಅದು ಹರಿದುಬಂದ ದಾರಿಯನ್ನೂ ನೋಡಿ.