ಪರೀಕ್ಷೆಯೂ ಗುರುಧರ್ಮವೂ

(ಶ್ರೀಮಠದ ಸುವರ್ಣ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಮಂಗಲ ಸಮಾರಂಭದಲ್ಲಿ ಶಿಕ್ಷಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ನಾನು ಪಂಡಿತನಲ್ಲ, ಮೂವತ್ತು ವರುಷಗಳನ್ನು ಮಕ್ಕಳ ನಡುವೆ ಕಳೆದ ಒಬ್ಬ ಶಿಕ್ಷಕನು. ಆದುದರಿಂದ ಕಂಡುದನ್ನೂ, ಮಾಡಿ ತಪ್ಪಿದುದನ್ನೂ ತಮ್ಮೆದುರು ಅರಿಕೆ ಮಾಡಿಕೊಳ್ಳುವೆನು. ಪರೀಕ್ಷೆಯು ಯಾರಿಗಾಗಿ ಇರುವದು? ಈ ಒಂದೇ ಪ್ರಶ್ನೆಯು ಈ ಹೊತ್ತಿನ ನನ್ನ ವಿಷಯವು.

ಪರೀಕ್ಷೆಯೆಂಬುದು ನಮಗೆ ಪರಕೀಯವಾದ ವಸ್ತುವಲ್ಲ. ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು: ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಸುಮ್ಮನೆ ಬರಮಾಡಿಕೊಳ್ಳಲಿಲ್ಲ, ಕಠಿನವಾದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಕೇಳಿದರು. ಆದರೆ ಆ ಪರೀಕ್ಷೆಯು ಅಕ್ಕನನ್ನು ಹೊರದೂಡುವದಕ್ಕಾಗಿ ಇರಲಿಲ್ಲ. ಆಕೆಯೊಳಗಿನ ಅರಿವು ಎಲ್ಲರಿಗೂ ಗೋಚರವಾಗಲೆಂದು ಇದ್ದಿತು. ಕೇಳಿದ ಪ್ರಭುಗಳೇ ಕಡೆಗೆ ಆಕೆಯ ನಿಲುವನ್ನು ಕೊಂಡಾಡಿದರು. ಇಂಥ ಪರೀಕ್ಷೆಯಲ್ಲಿ ಗುರುವೂ ಶಿಷ್ಯನೂ ಒಂದೇ ಪಕ್ಷದವರು.

ಹಾಗಾದರೆ ಪರೀಕ್ಷೆಯು ಹಾದಿ ತಪ್ಪುವದು ಯಾವಾಗ? ಮಗುವಿನ ಅರಿವನ್ನು ಅಳೆಯುವ ಕೋಲಿನಿಂದಲೇ ಶಿಕ್ಷಕನ ಅನ್ನವನ್ನೂ ಶಾಲೆಯ ಮಾನವನ್ನೂ ಅಳೆಯತೊಡಗಿದಾಗ. ಇದಕ್ಕೆ ಇತಿಹಾಸವೇ ಸಾಕ್ಷಿಯಾಗಿರುವದು. 1862 ರಲ್ಲಿ ಇಂಗ್ಲಂಡದಲ್ಲಿ ರಾಬರ್ಟ್ ಲೋ ಎಂಬ ಮುತ್ಸದ್ದಿಯು ಒಂದು ಹೊಸ ಕಟ್ಟಳೆಯನ್ನು ಜಾರಿಗೆ ತಂದನು. ತನಿಖೆಗೆ ಬಂದ ಇನ್‌ಸ್ಪೆಕ್ಟರರ ಮುಂದೆ ಓದು, ಬರಹ, ಲೆಕ್ಕ ಇವುಗಳಲ್ಲಿ ಎಷ್ಟು ಮಕ್ಕಳು ತೇರ್ಗಡೆ ಹೊಂದುವರೆಂಬುದರ ಮೇಲೆ ಶಾಲೆಗೆ ದೊರೆಯುವ ಸರಕಾರದ ಹಣದ ಬಹುಭಾಗವು ನಿಂತಿತು. ಪರಿಣಾಮವೇನಾಯಿತು? ಶಿಕ್ಷಕರು ಪಾಠಪುಸ್ತಕವನ್ನೇ ಬಾಯಿಪಾಠ ಮಾಡಿಸತೊಡಗಿದರು. ಸರಿಯಾಗಿ ಓದಲು ಬಾರದ ಮಗುವೂ ಪುಟವನ್ನು ನೋಡಿ ಗಡಗಡನೆ ಒಪ್ಪಿಸುವಂತಾಯಿತು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು ತಮ್ಮ ವರದಿಗಳಲ್ಲಿ ಇದನ್ನು ಖಂಡಿಸಿದರು. ಇದೇ ಮಾದರಿಯ ಪದ್ಧತಿಯು ಮುಂಬಯಿ ಮತ್ತು ಮದ್ರಾಸು ಆಧಿಪತ್ಯಗಳ ಅನುದಾನಿತ ಶಾಲೆಗಳಿಗೂ ಬಂದಿತು. ಆ ಕಾಲಕ್ಕೆ ಧಾರವಾಡ, ಬೆಳಗಾವಿಗಳು ಮುಂಬಯಿಗೂ, ಬಳ್ಳಾರಿ, ಮಂಗಳೂರುಗಳು ಮದ್ರಾಸಿಗೂ ಸೇರಿದ್ದವೆಂಬುದನ್ನು ನೆನೆಯಬೇಕು. 1890 ರ ದಶಕದಲ್ಲಿ ಇಂಗ್ಲಂಡವೇ ಅದನ್ನು ಕೈಬಿಟ್ಟಿತು. ಪದ್ಧತಿಯು ಹೋಯಿತು, ಅದರ ಮನೋಭಾವವು ಮಾತ್ರ ಹೋಗಲಿಲ್ಲ.

ಹೋಗಿಲ್ಲವೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. 2023 ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಶೇಕಡಾ 83.89 ಆಗಿದ್ದಿತು. 2024 ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮರಾಗಳನ್ನು ಹೂಡಿ, ವೆಬ್‌ಕಾಸ್ಟಿಂಗಿನ ಮೂಲಕ ಮೇಲ್ವಿಚಾರಣೆ ನಡೆಯಿಸಲಾಯಿತು. ಕೃಪಾಂಕಗಳನ್ನು ಹೆಚ್ಚಿಸಿದಾಗ್ಯೂ ಫಲಿತಾಂಶವು ಶೇಕಡಾ 73.40 ಕ್ಕೆ ಇಳಿಯಿತು. ಈ ಇಳಿತಕ್ಕೆಲ್ಲ ನಕಲೊಂದೇ ಕಾರಣವೆಂದು ನಾನು ಹೇಳಲಾರೆನು. ಆದರೆ ಕ್ಯಾಮರಾ ಬರುವವರೆಗೆ ನಮ್ಮ ಕಣ್ಣುಗಳು ಏನು ಮಾಡುತ್ತಿದ್ದವೆಂದು ಶಿಕ್ಷಕರಾದ ನಾವು ಕೇಳಿಕೊಳ್ಳದೆ ಇರಲಾಗದು. ಅದೇ 2024 ರಲ್ಲಿ 5, 8, 9 ಮತ್ತು 11 ನೆಯ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆಯನ್ನು ಏರ್ಪಡಿಸಲಾಯಿತು. ಪ್ರಕರಣವು ನ್ಯಾಯಾಲಯದ ಮೆಟ್ಟಿಲನ್ನೇರಿ, ಪರೀಕ್ಷೆಯು ನಡುವೆಯೇ ನಿಂತು, ಮರಳಿ ನಡೆದು, ಏಪ್ರಿಲದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಫಲಿತಾಂಶವನ್ನು ತಡೆಹಿಡಿಯಿತು. ದೊಡ್ಡವರ ವಾದಗಳ ನಡುವೆ ಹತ್ತು ವರುಷದ ಮಗುವು ಲೇಖನಿಯನ್ನು ಹಿಡಿದು ಕಾದು ಕುಳಿತಿದ್ದಿತು.

ಇನ್ನೊಬ್ಬರ ತಪ್ಪನ್ನು ಹೇಳಿದ ಮೇಲೆ ನನ್ನದನ್ನು ಬಚ್ಚಿಡುವದು ಶರಣಮಾರ್ಗವಲ್ಲ. ನಾನು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಗೆ ಎರಡು ವರುಷ ನೂರಕ್ಕೆ ನೂರು ಫಲಿತಾಂಶವು ಬಂದಿದ್ದಿತು. ಹೆಬ್ಬಾಗಿಲಿಗೆ ಅದರ ಫಲಕವನ್ನು ತೂಗಹಾಕಿದ್ದೆವು. ಮೂರನೆಯ ವರುಷ ಹತ್ತನೆಯ ತರಗತಿಯಲ್ಲಿ ಕೂಲಿಕಾರನೊಬ್ಬನ ಮಗನಿದ್ದನು. ತಂದೆತಾಯಿಗಳೊಡನೆ ಕಬ್ಬು ಕಡಿಯಲು ತಿಂಗಳುಗಟ್ಟಲೆ ಪರಊರಿಗೆ ಹೋಗುತ್ತಿದ್ದುದರಿಂದ ಗಣಿತದಲ್ಲಿ ಹಿಂದೆ ಬಿದ್ದಿದ್ದನು. ನಾನು ಅವನ ತಂದೆಯನ್ನು ಕರೆಯಿಸಿ, “ಈ ವರ್ಷ ಬ್ಯಾಡಪಾ, ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆಗೆ ಕೂಡಿಸೋಣು” ಎಂದೆನು. “ತಾವು ಹೇಳಿದಂಗ ಆಗಲಿರಿ, ಸರ” ಎಂದು ಆತನು ಕೈಮುಗಿದು ಹೋದನು. ಫಲಕವು ಉಳಿಯಿತು, ಹುಡುಗನು ಮರಳಿ ಶಾಲೆಗೆ ಬರಲಿಲ್ಲ. ಕೆಲವು ವರುಷಗಳ ತರುವಾಯ ಸಂತೆಯಲ್ಲಿ ಅವನನ್ನು ಕಂಡೆನು. ಚೀಲಗಳನ್ನು ಹೊತ್ತು ಇಳಿಸಿ, ತೂಕ, ದರ, ಕೂಲಿ ಎಲ್ಲವನ್ನೂ ಬಾಯಿಲೆಕ್ಕದಲ್ಲಿಯೇ ಕೂಡಿ ಕಳೆದು ಅಂಗಡಿಯವನಿಗೆ ಒಪ್ಪಿಸುತ್ತಿದ್ದನು. ಒಂದು ಪೈಯ ತಪ್ಪಿಲ್ಲ. ನನ್ನನ್ನು ಕಂಡು ಕಾಲುಮುಟ್ಟಿ ನಮಸ್ಕರಿಸಿದನು. ಆ ನಮಸ್ಕಾರವನ್ನು ಸ್ವೀಕರಿಸುವ ಯೋಗ್ಯತೆಯು ನನಗಿರಲಿಲ್ಲ. ಗಣಿತದಲ್ಲಿ ತಪ್ಪಿದವನು ಅವನಲ್ಲ. ಒಂದು ಜೀವವನ್ನು ಕಳೆದು ನೂರನ್ನು ಉಳಿಸಿಕೊಂಡೆನೆಂದು ತಿಳಿದ ನಾನು.

ಮಹನೀಯರೇ, ಪರೀಕ್ಷೆಯೇ ಬೇಡವೆಂಬುದು ನನ್ನ ಮತವಲ್ಲ. ನಾಡಿಯನ್ನು ನೋಡದೆ ಔಷಧವನ್ನು ಕೊಡಲಾಗದು. 2005 ರಿಂದ ನಡೆದುಬಂದ ‘ಅಸರ್’ ಎಂಬ ಸಮೀಕ್ಷೆಯವರು ಹಳ್ಳಿಗಳ ಮನೆಬಾಗಿಲಿಗೆ ಹೋಗಿ, ಮಗುವಿನ ಬಳಿ ಕುಳಿತು, ಒಂದು ಸಣ್ಣ ಪಾಠವನ್ನು ಓದಿಸುತ್ತಾರೆ. ಅದರಿಂದ ಯಾವ ಶಿಕ್ಷಕನಿಗೂ ದಂಡವಿಲ್ಲ, ಯಾವ ಮಗುವಿಗೂ ನಪಾಸಿಲ್ಲ. ಅಂತೆಯೇ ಅಲ್ಲಿ ಸುಳ್ಳಿಗೆ ಕಾರಣವೂ ಇಲ್ಲ. 2024 ರ ಆ ಸಮೀಕ್ಷೆಯಲ್ಲಿ ಭಾರತದ ಗ್ರಾಮಗಳ 5 ನೆಯ ತರಗತಿಯ ಮಕ್ಕಳೊಳಗೆ ಶೇಕಡಾ 48.8 ರಷ್ಟು ಮಕ್ಕಳು ಮಾತ್ರ 2 ನೆಯ ತರಗತಿಯ ಪಾಠವನ್ನು ಓದಬಲ್ಲವರಾಗಿದ್ದರು. ಈ ಮಾತು ಕಹಿಯಾದುದು ನಿಜ. ಆದರೆ ಎಲ್ಲಿಂದ ಕಲಿಸಬೇಕೆಂಬುದನ್ನು ಅದು ತೋರಿಸುವದು. ಹೆಬ್ಬಾಗಿಲಿನ ಫಲಕವು ಅದನ್ನು ತೋರಿಸಲಾರದು.

ಇಲ್ಲಿಯೇ ಮುಖ್ಯೋಪಾಧ್ಯಾಯನ ಧರ್ಮವು ಆರಂಭವಾಗುವದು. ಬಿಸಿಯೂಟದ ಲೆಕ್ಕ, ಸುತ್ತೋಲೆಗಳಿಗೆ ಉತ್ತರ, ಗಣಕಯಂತ್ರಕ್ಕೆ ತುಂಬುವ ಅಂಕಿಸಂಖ್ಯೆಗಳು ಇವುಗಳಲ್ಲಿಯೇ ಅವನ ಹೊತ್ತು ಮುಳುಗುತ್ತದೆಂಬುದನ್ನು ಅನುಭವದಿಂದ ಬಲ್ಲೆನು. ಆದರೂ “ಈ ವಾರ ಯಾವ ಮಗುವಿಗೆ ತಿಳಿಯಲಿಲ್ಲ?” ಎಂದು ತನ್ನ ಶಿಕ್ಷಕರನ್ನು ಅವನು ಕೇಳಲೇಬೇಕು, ಉತ್ತರವನ್ನು ನಿರ್ಭಯವಾಗಿ ಹೇಳುವಂಥ ವಿಶ್ವಾಸವನ್ನು ಅವರಲ್ಲಿ ಹುಟ್ಟಿಸಬೇಕು. 1916 ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದವರು ಏಳು ಜನ ಶಿಕ್ಷಕರು. ಸಮಾಜವು ಅವರನ್ನು ಸಪ್ತರ್ಷಿಗಳೆಂದು ಕರೆದುದು ಅವರ ತ್ಯಾಗವನ್ನು ಕಂಡು. ಶೇಕಡಾ ಫಲಿತಾಂಶವನ್ನು ಕಂಡಲ್ಲ.

ಕಡೆಗೆ ಶ್ರೀಗಳವರ ಪಾದಗಳಲ್ಲಿ ಮೂರು ಬಿನ್ನಹಗಳು. ಶ್ರೀಮಠದ ಶಾಲೆಗಳ ಬಾಗಿಲಲ್ಲಿ ಫಲಿತಾಂಶದ ಫಲಕವು ಬೇಡ. 8 ನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ 10 ನೆಯದನ್ನು ಮುಗಿಸಿದರೆಂಬುದನ್ನು ವರುಷವರುಷ ಸಭೆಯ ಮುಂದೆ ಓದಿ ಹೇಳಲಿ. ಎರಡನೆಯದು, ವರುಷಕ್ಕೆರಡು ಸಲ ಪ್ರತಿಯೊಂದು ಮಗುವೂ ತನ್ನ ಶಿಕ್ಷಕನ ಬಳಿ ಕುಳಿತು ಒಂದು ಪುಟ ಓದಲಿ, ಒಂದು ಲೆಕ್ಕ ಮಾಡಲಿ. ಅದರ ಟಿಪ್ಪಣಿಯು ಕಲಿಸುವದಕ್ಕೆ ಮಾತ್ರ ಬಳಕೆಯಾಗಲಿ. ಮೂರನೆಯದು, ಕಬ್ಬಿನ ಸುಗ್ಗಿಯ ತಿಂಗಳುಗಳಲ್ಲಿ ಗುಳೆ ಹೋಗುವವರ ಮಕ್ಕಳಿಗೆ ನಮ್ಮ ಪ್ರಸಾದನಿಲಯದಲ್ಲಿ ಸ್ಥಳ ದೊರೆಯಲಿ. ಫಲಿತಾಂಶದ ಅಂಜಿಕೆಯಿಂದ ಯಾವ ಮಗುವನ್ನೂ ಪರೀಕ್ಷೆಯಿಂದ ಹಿಂದಿರಿಸುವದು ಬೇಡ.

ಶ್ರೀಮಠದ ದಾಸೋಹದಲ್ಲಿ ಎಲೆಯ ಮುಂದೆ ಕುಳಿತವನ ಯೋಗ್ಯತೆಯನ್ನು ಯಾರೂ ಕೇಳುವದಿಲ್ಲ. ಹಸಿವಿದೆಯೇ ಎಂದು ಮಾತ್ರ ನೋಡಿ ಬಡಿಸುವರು. ಅಕ್ಷರದ ಪಂಕ್ತಿಯಲ್ಲಿಯೂ ಅದೇ ನಡೆಯಿರಲಿ.