ಮರಳು, ಬೆಣಚುಕಲ್ಲು ಮತ್ತು ಸೌರಫಲಕ
(ರೋಣ ತಾಲ್ಲೂಕಿನ ಬೆಳವಣಕಿಯಲ್ಲಿ ಮಾಡಿದ ಭಾಷಣದ ಪಠ್ಯ)



ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟಿ ರೋಣದ ಸೀಮೆಗೆ ಹರಿದುಬರುವ ಮಲಪ್ರಭೆಯೇ ಬೆಟ್ಟದವರಾದ ನಮಗೂ ಎರೆನೆಲದವರಾದ ನಿಮಗೂ ಇರುವ ನಂಟು. ಆ ಹೊಳೆಯ ಮರಳನ್ನು ಬಲ್ಲ ನಿಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡಲು ಬಂದಿದ್ದೇನೆ. ಸೌರಫಲಕದ ಸಿಲಿಕಾನ್ ಮರಳಿನಲ್ಲಿಯೇ ಅಡಗಿದೆ. ಹಾಗಿದ್ದಮೇಲೆ ಮರುಭೂಮಿಯ ಮರಳನ್ನೇ ಫಲಕವಾಗಿಸಬಾರದೇಕೆ?

ಇದು ಹಗಲುಗನಸಲ್ಲ. ಸಹಾರಾದ ಮರಳಿನಿಂದ ಸಿಲಿಕಾನ್, ಅದರ ಫಲಕಗಳ ವಿದ್ಯುತ್ತಿನಿಂದ ಮತ್ತಷ್ಟು ಸಿಲಿಕಾನ್ ಎಂಬ ಆಶಯದಿಂದ 2010ರ ಸುಮಾರಿಗೆ ಜಪಾನ್ ಮತ್ತು ಅಲ್ಜೀರಿಯದ ವಿಜ್ಞಾನಿಗಳು ಜಂಟಿ ಸಂಶೋಧನೆ ಕೈಗೊಂಡರು. ಆದರೆ ಇಂದಿಗೂ ಜಗತ್ತಿನ ಸಿಲಿಕಾನ್ ಬರುತ್ತಿರುವುದು ಮುಖ್ಯವಾಗಿ ನೆಲವನ್ನು ಅಗೆದು ತೆಗೆದ ಬೆಣಚುಕಲ್ಲಿನಿಂದ.

ಕಾರಣಗಳು ಎರಡು. ಸುಮಾರು 2,000 ಡಿಗ್ರಿಯ ವಿದ್ಯುತ್ ಕುಲುಮೆಯಲ್ಲಿ ಕಲ್ಲನ್ನು ಇದ್ದಿಲು, ಕಲ್ಲಿದ್ದಲುಗಳೊಡನೆ ಕಾಯಿಸಿದಾಗ ಅನಿಲವು ಉಂಡೆಗಲ್ಲುಗಳ ಸಂದಿಯಲ್ಲಿ ಮೇಲೇರಬೇಕು. ನುಣ್ಣನೆಯ ಮರಳು ಆ ಸಂದಿಯನ್ನು ಮುಚ್ಚಿಬಿಡುತ್ತದೆ. ಅದನ್ನು ಮೊದಲು ಉಂಡೆ ಕಟ್ಟಬೇಕಾಗುತ್ತದೆ. ಎರಡನೆಯದು ಶುದ್ಧತೆ. ನಿಮ್ಮ ನೆರೆಯ ಬಾದಾಮಿಯ ಬಂಡೆಯನ್ನು ನೆನೆಯಿರಿ. ಆ ಮರಳುಗಲ್ಲು ಬಹುಪಾಲು ಸಿಲಿಕಾವೇ. ಅದರ ಕೆಂಪು ಮಾತ್ರ ಕಬ್ಬಿಣದ್ದು. ಶಿಲ್ಪಿಗೆ ಸೊಬಗಾದದ್ದು ಸಿಲಿಕಾನ್ ತಯಾರಿಕೆಗೆ ಕಲ್ಮಷ. ಮರುಭೂಮಿಯ ಮರಳಿಗೂ ಇಂತಹುದೇ ಕಬ್ಬಿಣದ ಲೇಪ, ಸುಣ್ಣ ಮತ್ತಿತರ ಖನಿಜಗಳ ಬೆರಕೆ. ಆಮ್ಲದಿಂದ ತೊಳೆಯಬಹುದು, ಆದರೆ ಮರುಭೂಮಿಯಲ್ಲಿ ನೀರೆಲ್ಲಿ?

ಕುಲುಮೆಯಿಂದ ಬಂದದ್ದು ಶೇಕಡ 98ರಿಂದ 99ರಷ್ಟು ಶುದ್ಧ. ಫಲಕಕ್ಕೆ ಬೇಕಾದದ್ದು ಕನಿಷ್ಠ 99.9999. ಅದಕ್ಕಾಗಿ ಸಿಲಿಕಾನನ್ನು ಕ್ಲೋರಿನ್ ಸಂಯುಕ್ತವಾಗಿಸಿ, ಬಟ್ಟಿಯಿಳಿಸಿ, ಮರಳಿ ಘನರೂಪಕ್ಕೆ ತರುತ್ತಾರೆ. ಈ ವಿದ್ಯೆ ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿ ಎ. ಆರ್. ವಾಸುದೇವಮೂರ್ತಿಯವರ ಶ್ರಮದ ಫಲವಾಗಿ 1980ರ ದಶಕದಲ್ಲಿಯೇ ಕಾವೇರಿಯ ದಡದ ಮೆಟ್ಟೂರಿನಲ್ಲಿ ಶುದ್ಧ ಸಿಲಿಕಾನ್ ತಯಾರಾಗಿತ್ತು. ಅಲ್ಲಿಯೂ ಕೆಲಸದ ತಿರುಳು ಶುದ್ಧೀಕರಣವೇ ಆಗಿತ್ತು.

ಈಗ ಲೆಕ್ಕ ನೋಡೋಣ. ಕುಲುಮೆಯಿಂದ ಶುದ್ಧೀಕರಣದವರೆಗೆ ಒಂದು ಕಿಲೋ ಸಿಲಿಕಾನಿಗೆ ಸುಮಾರು 60 ಯೂನಿಟ್ ವಿದ್ಯುತ್ ಬೇಕು. ಅದರಿಂದಾಗುವ 400 ವ್ಯಾಟ್ ಆಸುಪಾಸಿನ ಫಲಕ ನಮ್ಮ ಬಿಸಿಲಿನಲ್ಲಿ ವರ್ಷಕ್ಕೆ ಸುಮಾರು 600 ಯೂನಿಟ್ ಕೊಡುತ್ತದೆ. ಸಿಲಿಕಾನಿನ ಸಾಲ ವರ್ಷದೊಳಗೇ ತೀರುತ್ತದೆ. 2,050 ಮೆಗಾವ್ಯಾಟಿನ ಪಾವಗಡದಂತಹ ಇನ್ನೊಂದು ಸೌರ ಉದ್ಯಾನಕ್ಕೆ ಬೇಕಾಗುವ ಸಿಲಿಕಾನಿಗೆ ಹತ್ತು ಟನ್ನಿನ ಎರಡು ಸಾವಿರ ಲಾರಿಗಳಷ್ಟು ಬೆಣಚುಕಲ್ಲು ಧಾರಾಳವಾಗಿ ಸಾಕು. ಆದುದರಿಂದ ಜಗತ್ತಿಗಿರುವ ಕೊರತೆ ಮರಳಿನದಲ್ಲ.

ಮರಳು ನಿಜವಾಗಿ ಹೆಚ್ಚು ಬೇಕಾಗುವುದು ಫಲಕದ ಗಾಜಿಗೆ. ಫಲಕದ ತೂಕದಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಗಾಜೇ. ಅದಕ್ಕೂ ಕಬ್ಬಿಣದಂಶ ತೀರ ಕಡಿಮೆಯಿರುವ ಮರಳೇ ಆಗಬೇಕು. ಕಂಡ ಕಂಡ ಹೊಳೆಯ ಮರಳು ಒದಗದು.

ಬಂಧುಗಳೇ, ಸೌರಶಕ್ತಿ ನಮಗೆ ಬೇಕು. ಆದರೆ ಅದರ ಹೆಸರು ಹೇಳಿಕೊಂಡು ಯಾರಾದರೂ ಹೊಳೆಯ ಒಡಲಿಗೋ ಗುಡ್ಡದ ನೆತ್ತಿಗೋ ಕೈಯಿಟ್ಟರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ: ಈ ಮರಳಿನ ಶುದ್ಧತೆಯನ್ನು ಪರೀಕ್ಷಿಸಿದ ವರದಿ ಎಲ್ಲಿ? ಕಲ್ಲು ಪುಡಿಮಾಡುವ ಕಾರ್ಮಿಕರ ಶ್ವಾಸಕೋಶವನ್ನು ಸಿಲಿಕೋಸಿಸ್‌ನಿಂದ ಕಾಯುವವರು ಯಾರು? ಕುಲುಮೆಯ ಇದ್ದಿಲು ಯಾವ ಕಾಡಿನದು? ಕ್ಲೋರಿನ್ ಬೆರೆತ ತ್ಯಾಜ್ಯ ಹೋಗುವುದೆಲ್ಲಿಗೆ? ಈ ನಾಲ್ಕಕ್ಕೂ ಲಿಖಿತ ಉತ್ತರ ದೊರೆಯುವವರೆಗೆ ಒಪ್ಪಿಗೆಯ ಸಹಿ ಹಾಕಬೇಡಿರಿ.