ನೀರಿನ ಎಳೆಯೊಳಗೆ ಲೇಸರ್: ಲೋಹ ಕತ್ತರಿಸುವ ಹೊಸ ವಿಧಾನ ಮತ್ತು ಕುಲುಮೆಗೊಂದು ಪಾಠ



ನೇಗಿಲಿನ ಗುಳವಾಗಲಿ, ಕುಂಟೆಯ ಕುಡವಾಗಲಿ, ಅದರ ಬಾಳಿಕೆ ಅಂಚಿನ ಹದವನ್ನು ಅವಲಂಬಿಸಿದೆ. ಲೋಹವನ್ನು ಕತ್ತರಿಸುವಾಗ ತಗಲುವ ಶಾಖ ಈ ಹದವನ್ನೇ ಕೆಡಿಸುತ್ತದೆ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಪರಿಹಾರವನ್ನು ತಿಳಿಯುವುದು ಉಪಯುಕ್ತ.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ತಯಾರಿಸಿದರು. 1964ರಲ್ಲಿ ಭಾರತದಲ್ಲಿ ಹುಟ್ಟಿದ ಕುಮಾರ್ ಪಟೇಲ್ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಲೋಹ ಕತ್ತರಿಸಲು ಇದು ಬಹುವಾಗಿ ಬಳಕೆಗೆ ಬಂತು. ಆದರೆ ಮಸೂರದಿಂದ ಒಂದೆಡೆ ಸೇರಿಸಿದ ಕಿರಣ ಮುಂದೆ ಮತ್ತೆ ಅಗಲವಾಗುತ್ತದೆ. ಆದ್ದರಿಂದ ಕತ್ತರಿಸಿದ ಗೋಡೆ ಓರೆಯಾಗುವುದುಂಟು. ಕರಗಿದ ಲೋಹ ಕೆಳ ಅಂಚಿಗೆ ಕಿಟ್ಟದಂತೆ ಅಂಟುವುದೂ ಉಂಟು.

ನೀರಿನ ಧಾರೆಯೊಳಗೆ ಬೆಳಕು ಸಾಗುವುದನ್ನು ಜಿನೀವಾದ ಕೊಲಾಡನ್ 1842ರಲ್ಲಿಯೇ ಪ್ರಕಟಿಸಿದ್ದರು. ಈ ತತ್ತ್ವವನ್ನು 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬರ್ನೋಲ್ಡ್ ರಿಶರ್‌ಜಾಗನ್ ಲೋಹ ಕತ್ತರಿಸಲು ಅಳವಡಿಸಿದರು. ಇಲ್ಲಿ ತಲೆಗೂದಲಿನಷ್ಟು ತೆಳುವಾದ ನೀರಿನ ಎಳೆಯೊಳಗೆ ಲೇಸರ್ ಕಿರಣ ಹೊರಹೋಗದೆ ನೇರವಾಗಿ ಸಾಗುತ್ತದೆ. ಕತ್ತರಿಸುವುದು ಕಿರಣ, ನೀರಲ್ಲ. ಕಿರಣವನ್ನು ಬಿಟ್ಟುಬಿಟ್ಟು ಹಾಯಿಸುವುದರಿಂದ ನಡುವಿನ ಬಿಡುವಿನಲ್ಲಿ ನೀರು ಅಂಚನ್ನು ತಣಿಸಿ ಕಸವನ್ನು ತೊಳೆಯುತ್ತದೆ. ಗೋಡೆ ನೇರವಾಗಿ ಬರುತ್ತದೆ. ಶಾಖ ಒಳಗೆ ಹರಡುವುದಿಲ್ಲ. ಹನಿ ನೀರಾವರಿಯಂತೆ ಇಲ್ಲಿಯೂ ಚೆನ್ನಾಗಿ ಶೋಧಿಸಿದ ನೀರೇ ಬೇಕು. ಇಲ್ಲವಾದರೆ ಮೂತಿ ಕಟ್ಟಿಕೊಳ್ಳುತ್ತದೆ. ಯಂತ್ರ ದುಬಾರಿಯಾದ್ದರಿಂದ ವಜ್ರ, ಗಡಿಯಾರದ ಭಾಗಗಳಂಥ ಸೂಕ್ಷ್ಮ ಕೆಲಸಕ್ಕೆ ಇದು ಹೆಚ್ಚು ಸೂಕ್ತ.

ಇದನ್ನು ಕೇಳಿ ಗ್ಯಾಸಿನಿಂದ ಕತ್ತರಿಸಿದ ಕಬ್ಬಿಣಕ್ಕೂ ನೀರು ಸುರಿಯಬಹುದೆಂದು ಭಾವಿಸುವುದು ತಪ್ಪು. ಗ್ಯಾಸಿನ ಶಾಖ ಲೋಹದೊಳಕ್ಕೆ ಆಳವಾಗಿ ಇಳಿದಿರುತ್ತದೆ. ಕುಡ ಮಾಡಲು ಬಳಸುವ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲದ ಅಂಶ ಹೆಚ್ಚು. ಕೆಂಪಗೆ ಕಾದ ಇಂಥ ಉಕ್ಕಿಗೆ ಒಮ್ಮೆಲೇ ನೀರು ಬಿದ್ದರೆ ಅಂಚು ಗಾಜಿನಂತೆ ಪೆಡಸಾಗಿ, ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಉಳುವಾಗ ಕಲ್ಲಿಗೆ ತಗುಲಿದೊಡನೆ ಅದು ಮುರಿಯುತ್ತದೆ. ಬಿತ್ತನೆಯ ಹದ ಮೀರುವ ದಿನಗಳಲ್ಲಿ ಈ ನಷ್ಟ ಸಣ್ಣದಲ್ಲ.

ಆದ್ದರಿಂದ ಸಲಕರಣೆ ಮಾಡಿಸುವಾಗ ಈ ಅಂಶಗಳನ್ನು ಗಮನದಲ್ಲಿಡಬೇಕು:

1. ಗ್ಯಾಸಿನಿಂದ ಕತ್ತರಿಸಿದ ಪಟ್ಟಿಯನ್ನು ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು.

2. ಕತ್ತರಿಸಿದ ಅಂಚನ್ನು ಸಾಣೆ ಹಿಡಿದು ತೆಗೆದು, ಬಿರುಕಿದೆಯೇ ಎಂದು ನೋಡಬೇಕು.

3. ಹದ ಹಾಕುವ ಕೆಲಸವನ್ನು ಕೊನೆಯಲ್ಲಿ, ಅನುಭವಿ ಕಮ್ಮಾರರಿಂದಲೇ ಮಾಡಿಸಬೇಕು.

4. ಹದ ಹಾಕಿದ ಮೇಲೆ ಸಾಣೆ ಹಿಡಿಯುವಾಗ ಆಗಾಗ ನಿಲ್ಲಿಸಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಇಳಿಯಿತೆಂದೇ ಅರ್ಥ.

ನೀರು ಯಾವಾಗ, ಎಷ್ಟು ಎಂಬುದು ಬೆಳೆಗೆ ಹೇಗೋ ಉಕ್ಕಿಗೂ ಹಾಗೆಯೇ ಮುಖ್ಯ.